ಕಾರ್ತಿಕದ ಬೇಳೆಕಟ್ಟು

ನಮ್ಮ ಬಳಗದ ಮನೆಗಳಲ್ಲಿ ವಿಜಯದಶಮಿ ಮುಗಿದ ಮೇಲೆ ತುಳಸಿ ಹಬ್ಬದವರೆಗೆ ತೊಗರಿಬೇಳೆ ಬೇಯುವುದಿಲ್ಲ. ಚಾತುರ್ಮಾಸ್ಯದ ನಾಲ್ಕನೆಯ ತಿಂಗಳು ಅದು, ದ್ವಿದಳ ವ್ರತ. ಎರಡು ಹೋಳಾಗುವ ಕಾಳು ಯಾವುದೂ ಎಲೆಗೆ ಬರುವ ಹಾಗಿಲ್ಲ. ಮೊದಲ ತಿಂಗಳು ತರಕಾರಿ, ಆಮೇಲೆ ಮೊಸರು, ಆಮೇಲೆ ಹಾಲು ಬಿಟ್ಟು ಬಂದವರಿಗೆ ಇದು ಕೊನೆಯ ಮೆಟ್ಟಿಲು. ಆದರೆ ತಾಂಬರಂನ ನಮ್ಮ ಅಡಿಗೆಮನೆಯಲ್ಲಿ ಮಾತ್ರ ಆ ತಿಂಗಳೂ ಕುಕ್ಕರ್ ಕೂಗುತ್ತದೆ. ಅರಿಸಿನ ಬಿದ್ದ ಬೇಳೆಯ ಬಿಸಿ ವಾಸನೆ ಹಜಾರದವರೆಗೆ ಬರುತ್ತದೆ. ಮೈಸೂರಿನಿಂದ ಬಂದ ನೆಂಟರು ಮೂಗರಳಿಸಿ, ಏನೂ ಕೇಳದೆ, ರೈಲಿಗೆ ಹೊತ್ತಾಯಿತು ಅನ್ನುತ್ತಾರೆ.

ನನಗೆ ಆ ವಾಸನೆಗೆ ಹಸಿವಾಗುವುದಿಲ್ಲ. ಕೂತಲ್ಲೇ ಕಿವಿ ನಿಮಿರುತ್ತದೆ, ಯಾವುದೋ ಗೋಡೆಯ ಸ್ಪೀಕರಿನಲ್ಲಿ ನನ್ನ ಹೆಂಡತಿಯ ಹೆಸರು ಕೂಗುತ್ತಾರೇನೋ ಎಂದು. ಹೆಂಡತಿ ಎರಡು ಮಾರು ದೂರದಲ್ಲಿ ಹುರುಳೀಕಾಯಿಯ ನಾರು ತೆಗೆಯುತ್ತ ಕೂತಿರುತ್ತಾಳೆ. ಆದರೂ.

ಹೆದರುವುದು ನನ್ನ ಹುಟ್ಟುಗುಣ. ಪುಣ್ಯಕ್ಕೆ ಅದಕ್ಕೇ ಸಂಬಳ ಕೊಡುವ ಕೆಲಸವೂ ಸಿಕ್ಕಿತು. ಇನ್ಶೂರೆನ್ಸ್ ಆಫೀಸಿನಲ್ಲಿ ಕೂತು, ಪಾಲಿಸಿ ಬೇಕೆಂದು ಬಂದವರ ವೈದ್ಯಕೀಯ ವರದಿ ಓದಿ, ಈ ಮನುಷ್ಯ ಎಷ್ಟು ಬೇಗ ಸಾಯಬಹುದು ಎಂದು ಊಹಿಸಿ ಮೇಲಿನವರಿಗೆ ಕಳಿಸುವುದು ನನ್ನ ಕೆಲಸ. ಎದುರಿಗೆ ನಗುತ್ತ ಕಾಫಿ ಕುಡಿಯುವವರಲ್ಲೂ ನನಗೆ ಏನಾದರೊಂದು ಕಾಣುತ್ತಿತ್ತು. ಸಹೋದ್ಯೋಗಿಗಳು ನನ್ನ ಮುಂದೆ ಕೆಮ್ಮುವುದನ್ನೇ ಬಿಟ್ಟಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮದರಾಸು ಚೆನ್ನೈ ಆಗಿ ಕೆಲವು ವರ್ಷಗಳಾಗಿದ್ದರೂ ನಮ್ಮಮ್ಮನ ಬಾಯಲ್ಲಿ ಇನ್ನೂ ಆಗಿರಲಿಲ್ಲ. ಆ ವರ್ಷ ದೀಪಾವಳಿಗೆ ಮೊದಲೇ ಮಳೆ ಹಿಡಿದುಕೊಂಡಿತು. ಇಲ್ಲಿಯ ಮಳೆ ಸಮುದ್ರದ ಕಡೆಯಿಂದ ಬರುತ್ತದೆ, ಬಂದರೆ ಬೀದಿಯನ್ನೇ ಕೊಳ ಮಾಡಿ ಕೂರುತ್ತದೆ. ನಾನು ಎಂದಿನಂತೆ ನನ್ನ ಚಿಂತೆಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದೆ: ಫ್ಯೂಸ್ ಪೆಟ್ಟಿಗೆಯ ಮೇಲೆ ಗೋಡೆ ಒಸರುತ್ತಿದೆ, ನೀರಿನ ಸಂಪಿನೊಳಕ್ಕೆ ಚರಂಡಿ ನುಗ್ಗಬಹುದು, ಸೈದಾಪೇಟೆಯ ಹತ್ತಿರ ಹಳಿ ಮುಳುಗಿ ಎಲೆಕ್ಟ್ರಿಕ್ ರೈಲು ನಿಲ್ಲಬಹುದು. ಹೆಂಡತಿ ಪದ್ಮಾಗೆ ಎರಡು ದಿನದಿಂದ ಸೊಂಟನೋವು, ಸಣ್ಣ ಜ್ವರ. ಅದು ಆ ಸಾಲಿನಲ್ಲಿ ಇರಲೇ ಇಲ್ಲ. ಇಷ್ಟು ವರ್ಷ ಅಭ್ಯಾಸ ಮಾಡಿದವನು ಹೆದರಬೇಕಾದ್ದಕ್ಕೆ ಹೆದರದೆ ಫ್ಯೂಸಿಗೆ ಹೆದರುತ್ತಿದ್ದೆ.

ಬೆಳಿಗ್ಗೆ ಅವಳು ‘ರೀ, ಚಳಿ’ ಅಂದಳು. ಮದರಾಸಿನಲ್ಲಿ ಚಳಿ ಅಂದವರನ್ನು ನಾನು ಕಂಡಿರಲಿಲ್ಲ. ಎರಡು ಕಂಬಳಿ ಹೊದಿಸಿದರೂ ಮಂಚ ಕಟಕಟ ಅಲುಗುತ್ತಿತ್ತು. ಬೀದಿ ಕೊನೆಯ ಡಾಕ್ಟರು ಮಳೆಜ್ವರವೆಂದು ಮಾತ್ರೆ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ನಡುಕ ನಿಂತು, ಅವಳು ತಣ್ಣಗೆ ಮಲಗಿದ್ದಳು. ಸದ್ಯ ಇಳಿಯಿತು ಎಂದುಕೊಂಡು ನಾನು ಔಷಧಿ ಅಂಗಡಿಗೆ ಹೊರಟೆ.

‘ಸೀನು, ಕೊಡೆ ತಗೊಂಡು ಹೋಗೋ,’ ಅಂದಳು ಪದ್ಮಾ.

ಬಾಗಿಲಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅಮ್ಮನ ಕೈ ನಿಂತಿತು. ಮದುವೆಯಾದಂದಿನಿಂದ ಪದ್ಮಾ ನನ್ನ ಹೆಸರು ಹಿಡಿದು ಕರೆದವಳಲ್ಲ. ಜಗಳದಲ್ಲೂ ‘ರೀ’ ಬಿಟ್ಟವಳಲ್ಲ. ಅಮ್ಮ ಎದ್ದು ಬಂದು ಸೊಸೆಯ ಹಣೆ ಮುಟ್ಟಿದಳು, ಕಣ್ಣು ನೋಡಿದಳು.

‘ಇವಳು ಇಲ್ಲಿಲ್ಲ ಕಣೋ. ಮಾತ್ರೆಗೀತ್ರೆ ಬಿಡು, ಆಟೋ ಕರಿ.’

ಎಗ್ಮೋರಿನ ಕಡೆಯ ಆ ಆಸ್ಪತ್ರೆಗೆ ಸೇರುವಷ್ಟರಲ್ಲಿ ಅವಳ ಬಿ.ಪಿ. ಯಂತ್ರಕ್ಕೆ ಸಿಗುತ್ತಿರಲಿಲ್ಲ. ಕಿಡ್ನಿಯಿಂದ ಇಳಿಯುವ ದಾರಿಯಲ್ಲಿ ಕಲ್ಲೊಂದು ಸಿಕ್ಕಿಕೊಂಡು, ಅದರ ಹಿಂದೆ ಕೀವು ಕಟ್ಟಿ, ಸೋಂಕು ರಕ್ತಕ್ಕೆ ಹತ್ತಿದೆ ಎಂದರು. ಬೆನ್ನಿನಿಂದ ಕೊಳವೆ ತೂರಿಸಿ ಕೀವು ಇಳಿಸಿದರು. ಮೂಗಿಗೊಂದು ನಳಿಗೆ, ಕೈಗೆ ಎರಡು ಸೂಜಿ, ಮುಖಕ್ಕೆ ಆಮ್ಲಜನಕದ ಮಾಸ್ಕು. ಐಸಿಯುವಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎಲ್ಲರೂ ತೊಟ್ಟು ಬಿಟ್ಟ ಹಸಿರು ನಿಲುವಂಗಿ ತೊಟ್ಟು, ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು ಒಳಗೆ ಹೋಗಿ ನೋಡಬಹುದು. ಉಳಿದ ಹೊತ್ತೆಲ್ಲ ಕೆಳಗಿನ ಹಜಾರದ ಪ್ಲಾಸ್ಟಿಕ್ ಕುರ್ಚಿ.

ಆ ಹಜಾರದ ಗೋಡೆಯ ಮೇಲೆ ಒಂದು ಸ್ಪೀಕರ್ ಇತ್ತು. ‘ಪದ್ಮಾವತಿ ಅಟೆಂಡರ್, ಪದ್ಮಾವತಿ ಅಟೆಂಡರ್’ ಎಂದು ಅದು ಕರೆದರೆ ರೋಗಿಯ ಕಡೆಯವರು ಮೇಲೆ ಹೋಗಬೇಕು. ಔಷಧಿ ಚೀಟಿಗೂ ಅದೇ ದನಿ, ಸಹಿಗೂ ಅದೇ ದನಿ, ಮತ್ತೊಂದಕ್ಕೂ ಅದೇ. ಕರೆಯುವ ಹುಡುಗಿಗೆ ಎಲ್ಲ ಹೆಸರೂ ಒಂದೇ. ಮೆಟ್ಟಿಲು ಹತ್ತುವಾಗ ನಾನು ಆ ಮತ್ತೊಂದಕ್ಕೇ ಸಿದ್ಧನಾಗುತ್ತಿದ್ದೆ. ಮೇಲೆ ಹೋದರೆ ಹತ್ತಿ, ಸಿರಿಂಜು, ಒಂದು ಚೀಟಿ. ಔಷಧಿ ಅಂಗಡಿಯ ಸಾಲಿನಲ್ಲಿ ಆ ಹೊತ್ತಿನಲ್ಲಿ ನನ್ನಷ್ಟು ಸುಖಿ ಇನ್ನೊಬ್ಬನಿರಲಿಲ್ಲ.

ಮಾರನೆಯ ದಿನ ಅಲ್ಲಿಯ ಚಿಕ್ಕ ಡಾಕ್ಟರೊಬ್ಬರು ಅವಸರದಲ್ಲಿ ಪಟಪಟ ಏನೇನೋ ಹೇಳಿದರು. ನನಗೆ ತಿಳಿದ ಪದ ಒಂದೇ: ಆಲ್ಬುಮಿನ್. ತುಂಬಾ ಕಡಿಮೆ ಇದೆ ಎಂದರು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಅವರ ಕೈ ಹಿಡಿದು ಕುಲುಕಿದೆ. ಯಾಕೆಂದರೆ ನಮ್ಮ ಆಫೀಸಿಗೆ ಬರುವ ವರದಿಗಳಲ್ಲಿ ಮೂತ್ರದ ಆಲ್ಬುಮಿನ್ ಎಂದೊಂದು ಸಾಲಿರುತ್ತದೆ. ಅಲ್ಲಿ ‘ಇಲ್ಲ’ ಎಂದು ಬರೆದಿದ್ದರೆ ಆಸಾಮಿ ಗಟ್ಟಿ, ಇದ್ದರೆ ಕಿಡ್ನಿ ಕೆಟ್ಟಿದೆ ಎಂದು ನಾವು ಹುಬ್ಬೇರಿಸುತ್ತೇವೆ. ಆಲ್ಬುಮಿನ್ ಕಡಿಮೆಯಿದ್ದವರಿಗೆ ನಾನು ವರ್ಷಗಟ್ಟಲೆ ಕಣ್ಣು ಮುಚ್ಚಿ ಪಾಲಿಸಿ ಕೊಡಿಸಿದ್ದೇನೆ. ಕೆಳಗೆ ಬಂದು ಅಮ್ಮನಿಗೆ ಹೇಳಿದೆ, ಬೂತಿನಿಂದ ಮೈಸೂರಿಗೆ ಫೋನ್ ಮಾಡಿ ಪದ್ಮಾಳ ಅಣ್ಣನಿಗೂ ಹೇಳಿದೆ. ಒಂದು ಪ್ಲೇಟ್ ಕೇಸರಿಬಾತ್ ತಿಂದೆ.

ಸಂಜೆ ಐಸಿಯುವಿನ ದೊಡ್ಡ ಡಾಕ್ಟರು ಮಲರ್‌ವಿಳಿ ಮಂಚದ ಬಳಿ ಸಿಕ್ಕಾಗ ನಾನೇ ಮುಂದಾಗಿ ‘ಆಲ್ಬುಮಿನ್ ಕಡಿಮೆಯಾಗಿದೆಯಂತೆ, ಸಂತೋಷ’ ಅಂದೆ. ಆಕೆ ಕನ್ನಡಕ ತೆಗೆದು ನನ್ನನ್ನು ಎರಡನೆಯ ಸಲ ನೋಡಿದರು. ತಮಿಳಿನಲ್ಲಿ ನಿಧಾನವಾಗಿ ಹೇಳಿದರು: ‘ಸಾರ್, ಅದು ಮೂತ್ರದಲ್ಲಿ ಇರಬಾರದು, ರಕ್ತದಲ್ಲಿ ಇರಬೇಕು. ಅದು ರಕ್ತದ ಪ್ರೋಟೀನು. ಮೂರೂವರೆಗಿಂತ ಮೇಲಿರಬೇಕಾದದ್ದು ಇವರಿಗೆ ಎರಡಕ್ಕಿಂತ ಕೆಳಗಿದೆ. ಇಂಥ ಸೋಂಕಿನಲ್ಲಿ ಅದು ಇಷ್ಟು ಇಳಿದವರನ್ನು ನಾವು ಜಾಸ್ತಿ ಭಯದಿಂದ ನೋಡ್ತೀವಿ.’

ಡಾಕ್ಟರೇ ಭಯ ಎಂದರು. ಆ ಪದಕ್ಕೆ ನಾನೊಬ್ಬನೇ ಹಕ್ಕುದಾರ ಎಂದುಕೊಂಡಿದ್ದೆ.

ಆಕೆ ಪದ್ಮಾಳ ಹೊದಿಕೆ ಸರಿಸಿ, ಪಾದದ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. ಬೆರಳು ತೆಗೆದ ಮೇಲೂ ಗುಂಡಿ ಹಾಗೇ ಉಳಿಯಿತು, ನಾದಿದ ಹಿಟ್ಟಿನ ಮೇಲೆ ಬೆರಳು ಊರಿದ ಹಾಗೆ. ನಾನು ನೋಡುತ್ತಲೇ ಇದ್ದೆ. ಗುಂಡಿ ಮೇಲೇಳಲಿಲ್ಲ.

ರಕ್ತದಲ್ಲಿ ಪ್ರೋಟೀನ್ ಇಲ್ಲವಂತೆ ಎಂದು ಅಮ್ಮನಿಗೆ ಹೇಳಿದ್ದು ನಾನೇ. ಬೇರೆ ಪದ ಹುಡುಕಬಹುದಿತ್ತು. ಅಮ್ಮ ರೇಡಿಯೋದಲ್ಲಿ ಆರೋಗ್ಯದ ಮಾತು ಕೇಳುವವಳು. ಪ್ರೋಟೀನ್ ಎಂದರೆ ಹಾಲು, ಬೇಳೆ, ಕಾಳು ಎಂದು ಅವಳಿಗೆ ಗೊತ್ತು. ಸ್ಪೀಕರಿನಲ್ಲಿ ಯಾರದೋ ಹೆಸರು ಬಂದು ಹೋಯಿತು.

‘ಹೋದ ತಿಂಗಳು ಹಾಲು ಬಿಡಿಸಿದೆ,’ ಅಂದಳು. ‘ಈ ತಿಂಗಳು ಬೇಳೆ ಬಿಡಿಸಿದೆ. ನಾನು ಮಾಡ್ತೀನಿ ಅಂತ ಅವಳೂ ಮಾಡಿದ್ಳು. ಮೈಯಲ್ಲಿ ಇನ್ನೇನು ಉಳಿದಿರುತ್ತೆ, ಹೇಳು.’

‘ಹಾಗೇನಿಲ್ಲಮ್ಮ,’ ಅಂದೆ. ಹಾಗೇ ಇರಬಹುದೆಂದು ನನಗೂ ಅನ್ನಿಸಿತ್ತು. ಅಮ್ಮನಿಗೆ ನನ್ನ ದನಿಯಲ್ಲೇ ಅದು ತಿಳಿಯಿತು.

ಮರುದಿನ ಬೆಳಿಗ್ಗೆ ನಾನು ಸ್ನಾನ ಮಾಡಿ ಬರುವಾಗ ಮನೆಯಲ್ಲಿ ಆ ವಾಸನೆ. ಹೊರಗೆ ಮಳೆ, ಒಳಗೆ ದೇವರ ಮುಂದೆ ವ್ರತದ ದೀಪ, ಒಲೆಯ ಮೇಲೆ ಬೇಳೆ. ಮದುವೆಯಾಗಿ ಬಂದ ವರ್ಷದಿಂದ ಒಂದು ಸಲವೂ ತಪ್ಪಿಸದೆ ವ್ರತ ನಡೆಸಿದವಳು, ಆ ತಿಂಗಳಲ್ಲಿ ಬೇಳೆಯ ಡಬ್ಬಿಯನ್ನೇ ಅಟ್ಟಕ್ಕೆ ಹಾಕಿಸುತ್ತಿದ್ದವಳು, ಅಮ್ಮ ತಾನೇ ಸ್ಟೂಲ್ ಹತ್ತಿ ಇಳಿಸಿದ್ದಳು. ಬೆಂದ ಬೇಳೆಯನ್ನು ಬಟ್ಟೆಯಲ್ಲಿ ಸೋಸಿ, ತಿಳಿಯಾದ ಬೇಳೆಕಟ್ಟನ್ನು ಫ್ಲಾಸ್ಕಿಗೆ ಬಗ್ಗಿಸುತ್ತಿದ್ದಳು. ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು ಅವಳು ಎಲೆಕ್ಟ್ರಿಕ್ ರೈಲಿನಲ್ಲಿ ಕಿಟಕಿಯ ಕಡೆ ನೋಡದೆ ಕೂತಳು.

ಐಸಿಯು ನರ್ಸ್ ಫ್ಲಾಸ್ಕನ್ನು ಮುಟ್ಟಲೇ ಇಲ್ಲ. ಹೊರಗಿನದು ಏನೂ ಕೊಡುವ ಹಾಗಿಲ್ಲ, ಮೂಗಿನ ನಳಿಗೆಯಲ್ಲಿ ಇಲ್ಲಿಂದಲೇ ಹಾಕುತ್ತೇವೆ ಅಂದಳು. ಅಮ್ಮ ಕೆಳಗೆ ಬಂದು ಕೂತಳು. ಆಚೆ ಕುರ್ಚಿಯಲ್ಲಿ ಅಂತೋಣಿ ಇದ್ದ. ರಾಯಪುರಂನವನು, ಹಾರ್ಬರಿನಲ್ಲಿ ಕ್ರೇನ್ ನಡೆಸುತ್ತಿದ್ದ. ಪದ್ಮಾಳ ಪಕ್ಕದ ಮಂಚದಲ್ಲಿ ಅವನ ತಾಯಿ: ಸಕ್ಕರೆ ಕಾಯಿಲೆ, ಕಾಲಿನ ಹುಣ್ಣಿನಿಂದ ಸೋಂಕು ರಕ್ತಕ್ಕೇರಿತ್ತು. ಅವನೂ ನಾನೂ ಒಬ್ಬರಿಗೊಬ್ಬರು ಧೈರ್ಯ ಹೇಳುವವರಲ್ಲ. ನಮ್ಮ ವ್ಯವಹಾರ ಬೇರೆ. ಲ್ಯಾಬಿನ ಚೀಟಿ ಬಂದ ದಿನ ಅವನು ‘ಸಾರ್, ಇನ್ನಿಕ್ಕಿ ಎನ್ನ ಮಾರ್ಕು?’ ಎಂದು ಇವತ್ತಿನ ಮಾರ್ಕು ಕೇಳುತ್ತಿದ್ದ. ಪರೀಕ್ಷೆ ಬರೆದ ಹುಡುಗರ ಅಪ್ಪಂದಿರ ಹಾಗೆ ನಾವು ಆಲ್ಬುಮಿನ್ನಿನ ಅಂಕಿ ಹೋಲಿಸುತ್ತಿದ್ದೆವು. ಅವನ ತಾಯಿಯದು ಎರಡೂವರೆಯ ಹತ್ತಿರ. ನಮ್ಮದು ಒಂದೂ ಮುಕ್ಕಾಲು. ಅವನು ನನ್ನ ಕಡೆ ಪಾಸಾದವನ ಕನಿಕರದಿಂದ ನೋಡುತ್ತಿದ್ದ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಹೇಳಲಾರೆ.

ಅಂದು ಅಮ್ಮ ಫ್ಲಾಸ್ಕಿನ ಮುಚ್ಚಳಕ್ಕೆ ಬೇಳೆಕಟ್ಟು ಬಗ್ಗಿಸಿ ಅವನ ಮುಂದೆ ಹಿಡಿದಳು. ಅವಳ ತಮಿಳು ಮಾರ್ಕೆಟ್ಟಿಗೆ ಸಾಕಾಗುವಷ್ಟು. ಅವನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಒಂದೇ ಉಸಿರಿಗೆ ಕುಡಿದು, ಬಾಯಿ ಒರೆಸಿಕೊಂಡು, ‘ಉಪ್ಪು ಕಮ್ಮಿ, ಅಮ್ಮಾ’ ಅಂದ.

‘ರೋಗಿಗೆ ಮಾಡಿದ್ದಪ್ಪ,’ ಅಂದಳು ಅಮ್ಮ. ‘ನಾಳೆ ಹಾಕ್ಕೊಂಡ್ ಬರ್ತೀನಿ.’

ನಾಳೆಯೂ ತಂದಳು, ಉಪ್ಪು ಹಾಕಿ. ನರ್ಸನ್ನು ಪ್ರತಿ ಸಲವೂ ಕೇಳಿದಳು, ಪ್ರತಿ ಸಲವೂ ಇಲ್ಲವೆನ್ನಿಸಿಕೊಂಡು ಕೆಳಗಿಳಿದಳು, ಅಂತೋಣಿ ಕುಡಿದ. ಕೊನೆಗೊಂದು ದಿನ ಡಾಕ್ಟರ್ ಮಲರ್‌ವಿಳಿಯೇ ಕೆಳಗಿನ ಹಜಾರಕ್ಕೆ ಬಂದರು. ನರ್ಸು ದೂರಿರಬೇಕು. ಅಮ್ಮ ಎದ್ದು ನಿಂತು, ಪೊಲೀಸಿನವರ ಮುಂದೆ ಒಪ್ಪಿಕೊಳ್ಳುವವರ ಹಾಗೆ, ಹಾಲು ಬಿಡಿಸಿದ್ದು, ಬೇಳೆ ಬಿಡಿಸಿದ್ದು ಎಲ್ಲವನ್ನೂ ಹೇಳಿದಳು. ಅವಳ ತಮಿಳು ಮುಗಿದಲ್ಲಿ ನಾನು ಮುಂದುವರಿಸಿದೆ.

‘ಅಮ್ಮಾ, ಕೂತ್ಕೊಳ್ಳಿ,’ ಅಂದರು ಡಾಕ್ಟರು. ‘ನಿಮ್ಮ ವ್ರತದಿಂದ ಇದು ಆಗಿಲ್ಲ. ನಿಮ್ಮ ಸೊಸೆ ಚೆನ್ನಾಗಿ ಉಂಡುಟ್ಟು ಇದ್ದವರೇ. ಸೋಂಕು ರಕ್ತಕ್ಕೆ ಹತ್ತಿದರೆ ರಕ್ತನಾಳದ ಗೋಡೆ ಜರಡಿ ಆಗಿಬಿಡುತ್ತೆ. ಪ್ರೋಟೀನು ಹೊರಗೆ ಸೋರುತ್ತೆ, ಅದರ ಹಿಂದೆ ನೀರೂ ಹೋಗುತ್ತೆ. ಕಾಲು ಊದಿರೋದು ಅದಕ್ಕೇ. ಲಿವರ್ ಬೇರೆ ಈಗ ಸೋಂಕಿನ ಜೊತೆ ಜಗಳಕ್ಕೆ ಇಳಿದಿದೆ, ಆಲ್ಬುಮಿನ್ ಮಾಡೋಕೆ ಅದಕ್ಕೆ ಬಿಡುವಿಲ್ಲ.’

‘ಬಾಟಲಿಯಲ್ಲಿ ಸಿಗುತ್ತಂತಲ್ಲ, ಅದನ್ನೇ ಹಾಕಿದರೆ?’ ಎಂದು ನಾನು ಬಾಯಿ ಹಾಕಿದೆ.

‘ಬೇಕಾದಾಗ ಹಾಕ್ತೀವಿ. ಆದರೆ ತೂತು ಬಿದ್ದ ಕೊಡಕ್ಕೆ ಮೇಲಿಂದ ಹೊಯ್ದರೆ ನೀರು ನಿಲ್ಲುತ್ತಾ? ಮೊದಲು ತೂತು ಮುಚ್ಚಬೇಕು. ಅದಕ್ಕೇ ಈ ಔಷಧಿ ಎಲ್ಲ.’

‘ಹಾಗಾದರೆ ಆ ಅಂಕಿ ಏನು ಹೇಳುತ್ತೆ, ಡಾಕ್ಟರ್?’

‘ಕಾಯಿಲೆ ಎಷ್ಟು ಜೋರಾಗಿದೆ ಅಂತ ಹೇಳುತ್ತೆ. ಕಡಿಮೆ ಇದ್ದವರಿಗೆ ಅಪಾಯ ಜಾಸ್ತಿ.’

‘ಎಷ್ಟು ಜಾಸ್ತಿ?’

ಆಕೆ ನನ್ನನ್ನೇ ನೋಡಿದರು. ‘ನಿಮಗೆ ಏನು ಕೆಲಸ?’

‘ಇನ್ಶೂರೆನ್ಸ್.’

‘ಅದಕ್ಕೇ,’ ಅಂದರು. ‘ಸಾರ್, ನಿಮ್ಮ ಕಂಪನಿಗೆ ಸಾವಿರ ಜನ ಬೇಕು, ಲೆಕ್ಕ ಸರಿಹೋಗುತ್ತೆ. ನನ್ನ ಮುಂದೆ ಇರೋದು ಒಬ್ಬರು. ಒಬ್ಬರ ವಿಷಯದಲ್ಲಿ ಆ ಅಂಕಿ ಅದೊಂದೇ ಏನೂ ಹೇಳಲ್ಲ. ನೀವು ಚೀಟಿ ನೋಡೋದು ಬಿಟ್ಟು ಮೂತ್ರದ ಚೀಲ ನೋಡಿ. ಅದು ತುಂಬ್ತಾ ಇದ್ದರೆ ಕೆಳಗೆ ಬಂದು ಕಾಫಿ ಕುಡೀರಿ.’

ಅಮ್ಮ ಎಲ್ಲ ಕೇಳಿದಳು, ತಲೆಯಾಡಿಸಿದಳು. ಮಾರನೆಯ ದಿನವೂ ಬೇಳೆ ಬೇಯಿಸಿದಳು. ನಾನೂ ಎಲ್ಲ ಕೇಳಿದ್ದೆ. ಮಾರನೆಯ ದಿನವೂ ಚೀಟಿಗಾಗಿ ಲ್ಯಾಬಿನ ಕಿಟಕಿಯಲ್ಲಿ ನಿಂತಿದ್ದೆ.

ದೀಪಾವಳಿ ಬಂದು ಹೋಯಿತು. ನೆನೆದ ಪಟಾಕಿಗಳು ಬೀದಿಯಲ್ಲಿ ಅರೆಬರೆ ಸಿಡಿದು, ಹಜಾರದೊಳಗೆ ಮದ್ದಿನ ಹೊಗೆ ಸೇರಿಕೊಂಡಿತು. ಪದ್ಮಾಳ ಮುಖ ಊದಿ, ಕಣ್ಣು ಗೆರೆಯಷ್ಟಾಗಿ, ನನ್ನ ಗುರುತಿಗೆ ಸಿಗದ ಹೆಂಗಸೊಬ್ಬಳು ಅವಳ ಬಳೆ ಹಾಕಿಕೊಂಡು ಮಲಗಿದ ಹಾಗಿತ್ತು. ಆಮೇಲೆ ಬಳೆಗಳನ್ನೂ ಸೋಪು ಹಚ್ಚಿ ತೆಗೆದು ನನ್ನ ಕೈಗೆ ಕೊಟ್ಟರು. ಅವು ಪ್ಯಾಂಟಿನ ಜೇಬಿನಲ್ಲಿ ಸದ್ದು ಮಾಡದಂತೆ ನಾನು ಕರವಸ್ತ್ರ ತುರುಕಿದೆ.

ಹಬ್ಬದ ಮಾರನೆಯ ಮಧ್ಯಾಹ್ನ ಸ್ಪೀಕರ್ ‘ಮರಿಯಮ್ಮಾಳ್ ಅಟೆಂಡರ್’ ಎಂದಿತು. ಅಂತೋಣಿ ಕೈಯಲ್ಲಿದ್ದ ಫ್ಲಾಸ್ಕಿನ ಮುಚ್ಚಳವನ್ನು ಅಮ್ಮನಿಗೆ ಕೊಟ್ಟು, ‘ಚೀಟಿ ಇರಬೇಕು, ಬಂದೆ’ ಎಂದು ಮೆಟ್ಟಿಲು ಹತ್ತಿದ. ಹಿಂದಿನ ದಿನ ಅವನ ತಾಯಿಯ ಮಾರ್ಕು ಇನ್ನೂ ಸ್ವಲ್ಪ ಏರಿತ್ತು. ಅವನು ಕೆಳಗೆ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಅವನ ತಂಗಿಯರು ಅಳುತ್ತ ಬಂದು, ಕುರ್ಚಿಯ ಕೆಳಗಿದ್ದ ಅವನ ಚೀಲ ತೆಗೆದುಕೊಂಡು ಹೋದರು.

ನಾನು ಅಲ್ಲಿಯೇ ಕೂತಿದ್ದೆ. ಎರಡೂವರೆ ಹೋಯಿತು. ಒಂದೂ ಮುಕ್ಕಾಲು ಇನ್ನೂ ಮೇಲೆ ಮಲಗಿದೆ. ಇಷ್ಟು ದಿನ ನಾನು ಜೋತುಬಿದ್ದಿದ್ದ ಹಗ್ಗದ ಇನ್ನೊಂದು ತುದಿ ಎಲ್ಲಿಗೂ ಕಟ್ಟಿರಲಿಲ್ಲ ಎಂದು ಗೊತ್ತಾಯಿತು. ಅಂಕಿಯಿದ್ದಾಗ ಭಯಕ್ಕೆ ಒಂದು ಅಳತೆಯಿತ್ತು. ಈಗ ಅದೂ ಇಲ್ಲ. ಅಮ್ಮ ಆ ಮುಚ್ಚಳವನ್ನು ಸೆರಗಿನಿಂದ ಒರೆಸಿ, ಫ್ಲಾಸ್ಕಿಗೆ ಹಾಕಿ ತಿರುಗಿಸಿದಳು. ತಿರುಗಿಸುತ್ತಲೇ ಇದ್ದಳು.

ಆಮೇಲೆ ನಾನು ಮೂತ್ರದ ಚೀಲವನ್ನು ನೋಡತೊಡಗಿದೆ. ಮೊದಲು ತಳದಲ್ಲಿ ಕಂದು ಬಣ್ಣದ ಸ್ವಲ್ಪ ನೀರು. ಮತ್ತೆ ಸ್ವಲ್ಪ. ಬಿ.ಪಿ. ಏರಿಸುವ ಔಷಧಿ ಕಡಿಮೆ ಮಾಡುತ್ತಿದ್ದೇವೆ ಎಂದರು. ನನಗೆ ನಂಬಿಕೆ ಬರಲಿಲ್ಲ, ಯಾಕೆಂದರೆ ಲ್ಯಾಬಿನ ಚೀಟಿಯಲ್ಲಿ ಅಂಕಿ ಅಲ್ಲೇ ಇತ್ತು. ‘ಅದು ಪ್ಯಾಸೆಂಜರ್ ಗಾಡಿ ಸಾರ್, ಕೊನೇಲಿ ಬರುತ್ತೆ,’ ಅಂದರು ಡಾಕ್ಟರು. ನಾನು ಪ್ಯಾಸೆಂಜರ್ ಗಾಡಿ ಹಳಿ ತಪ್ಪುವುದನ್ನು ಊಹಿಸಿಕೊಂಡೆ.

ಒಂದು ಬೆಳಿಗ್ಗೆ ಅಮ್ಮನ ಸರದಿ. ಒಳಗೆ ಹೋದವಳು ಎಂದಿಗಿಂತ ಹೆಚ್ಚು ಹೊತ್ತು ಬರಲಿಲ್ಲ. ನಾನು ಎದ್ದು ಸ್ಪೀಕರಿನ ಕೆಳಗೇ ಹೋಗಿ ನಿಂತೆ, ಕರೆದರೆ ಬೇಗ ಕೇಳಲಿ ಎಂದು. ಆಮೇಲೆ ಮೆಟ್ಟಿಲ ತಿರುವಿನಲ್ಲಿ ಅಮ್ಮ ಕಂಡಳು. ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದರಲ್ಲಿ ತನ್ನ ಸೆರಗನ್ನೇ ಹಿಡಿದು ಇಳಿಯುತ್ತಿದ್ದಳು. ನಾನು ಹತ್ತಿರದ ಕುರ್ಚಿ ಹಿಡಿದು ಕೂತೆ.

‘ನನ್ನ ಸೀರೆ ಮೂಸಿದಳು ಕಣೋ,’ ಅಂದಳು ಅಮ್ಮ.

‘ಯಾರು?’

‘ಯಾರು ಅಂದ್ರೆ? ಬಗ್ಗಿ ಹೊದಿಕೆ ಸರಿ ಮಾಡ್ತಿದ್ದೆ. ಮೂಗು ಹೀಗ್ ಹೀಗೆ ಮಾಡಿದಳು. ಅತ್ತೆ, ಬೇಳೆ ವಾಸನೆ, ಅಂದಳು. ಆಮೇಲೆ, ದ್ವಾದಶಿ ಆಗೋಯ್ತಾ, ನಾನು ಇಷ್ಟು ದಿನ ಮಲಗಿಬಿಟ್ನಾ, ಅಂತ ಕಣ್ಣಲ್ಲಿ ನೀರು ಹಾಕ್ಕೊಂಡಳು. ತುಳಸಿಗೆ ಯಾರು ಮಾಡಿದ್ರು ಅಂತ ಕೇಳ್ತಾಳೆ.’

‘ನೀನೇನಂದೆ?’

‘ಆಯ್ತು, ನಾನೇ ಮಾಡಿದೆ ಅಂದೆ. ಇನ್ನೇನನ್ನಲಿ? ಕಾರ್ತಿಕದಲ್ಲಿ ಬೇಳೆ ಬೇಯಿಸ್ಕೊಂಡು ಬಂದಿದೀನಿ ಅನ್ನಲಾ?’

ಉತ್ಥಾನ ದ್ವಾದಶಿಗೆ ಇನ್ನೂ ದಿನಗಳಿದ್ದವು. ಅಮ್ಮ ಕುರ್ಚಿಯಲ್ಲಿ ಕೂತು ಫ್ಲಾಸ್ಕನ್ನು ನೋಡಿದಳು. ಅಂತೋಣಿ ಹೋದ ಮೇಲೆ ಅದನ್ನು ಕುಡಿಯುವವರಿರಲಿಲ್ಲ. ದಿನವೂ ಸಂಜೆ ಹಾಗೇ ಮನೆಗೆ ಹಿಂತಿರುಗುತ್ತಿತ್ತು. ಮುಚ್ಚಳ ಬಿಚ್ಚಿ, ಬಗ್ಗಿಸಿ, ಎರಡು ಕೈಯಲ್ಲಿ ಹಿಡಿದು ಅವಳೇ ಕುಡಿದಳು. ಪೂರ್ತಿ.

‘ಅಮ್ಮ, ಏನಿದು?’

‘ಆಯ್ತು ಅಂತ ಹೇಳಿದ ಮೇಲೆ ಆಗಿರಬೇಕಲ್ಲ,’ ಅಂದಳು. ‘ಡಾಕ್ಟರಮ್ಮ ಹೇಳಿದ್ದು ನಂಗೂ ಅರ್ಥ ಆಗಿದೆ. ವ್ರತದಿಂದ ಅಲ್ಲ. ಆದ್ರೂ ನಮ್ಮನೇಲಿ ಇನ್ನು ಇದು ಮುಗೀತು.’ ಖಾಲಿ ಮುಚ್ಚಳ ನೋಡಿ, ‘ಉಪ್ಪು ಈಗ ಸರಿಯಾಗಿದೆ ಕಣೋ, ಕುಡಿಯೋಕೆ ಆ ಹುಡುಗ ಇಲ್ಲ,’ ಅಂದಳು. ಆಗ ಅವಳಿಗೆ ಅಳು ಬಂತು.

ಪದ್ಮಾ ತುಳಸಿ ಹಬ್ಬ ನಿಜವಾಗಿ ಕಳೆದ ಮೇಲೆ ಮನೆಗೆ ಬಂದಳು. ಬಹಳ ದಿನ ಗೋಡೆ ಹಿಡಿದು ನಡೆದಳು. ಆ ಅಂಕಿ ಡಾಕ್ಟರು ಹೇಳಿದ ಹಾಗೇ ಕೊನೆಗೆ ಬಂತು, ಪೊಂಗಲ್ ಹೊತ್ತಿಗೆ, ಅದರ ಬಗ್ಗೆ ಕೇಳುವವರು ನನ್ನನ್ನು ಬಿಟ್ಟು ಯಾರೂ ಇಲ್ಲದಾಗ. ಅಂತೋಣಿಯನ್ನು ನಾವು ಮತ್ತೆ ನೋಡಲಿಲ್ಲ. ಅಮ್ಮ ಆಮೇಲೆ ಐದಾರು ವರ್ಷ ಇದ್ದಳು. ತರಕಾರಿ, ಮೊಸರು, ಹಾಲು ಮೂರನ್ನೂ ಕ್ರಮವಾಗಿ ಬಿಟ್ಟು, ನಾಲ್ಕನೆಯ ತಿಂಗಳು ಬಂದ ದಿನ ಅವಳೇ ಕುಕ್ಕರ್ ಇಡುತ್ತಿದ್ದಳು. ಈಗ ಪದ್ಮಾ ಇಡುತ್ತಾಳೆ.

ಈ ವರ್ಷವೂ ಮಳೆ ಹಿಡಿದಿದೆ. ಭಾನುವಾರ ಮಧ್ಯಾಹ್ನ ಆ ವಾಸನೆ ಬಂದಾಗ ನಾನು ಪೇಪರ್ ಓದುತ್ತಿರುವವನ ಹಾಗೆ ಅವಳು ಕೂತಿದ್ದ ಸೋಫಾದ ಹತ್ತಿರ ನೆಲಕ್ಕೆ ಸರಿದೆ. ಪೇಪರಿನ ಮರೆಯಲ್ಲಿ ಕೈ ಚಾಚಿ, ಅವಳ ಪಾದದ ಮೇಲೆ ಹೆಬ್ಬೆರಳಿಟ್ಟು ಒತ್ತಿದೆ. ಬೆರಳು ತೆಗೆದು ಕಾದೆ.

ಅವಳು ಹುರುಳೀಕಾಯಿಯಿಂದ ತಲೆಯೆತ್ತಲಿಲ್ಲ. ‘ಏನಂತೆ ಡಾಕ್ಟರೇ, ಗುಂಡಿ ಬಿತ್ತಾ?’

‘ಇಲ್ಲ.’

‘ಹಾಗಿದ್ರೆ ಎದ್ದು ಹೋಗಿ ಕುಕ್ಕರ್ ಆರಿಸ್ರೀ. ಆವಾಗ್ಲಿಂದ ಕೂಗ್ತಿದೆ.’

ಎದ್ದೆ. ಅಡಿಗೆಮನೆಯ ಬಾಗಿಲಿನಿಂದ ಇನ್ನೊಂದು ಸಲ ತಿರುಗಿ ಅವಳ ಪಾದ ನೋಡಿ, ಆಮೇಲೆ ಒಲೆ ಆರಿಸಿದೆ.